ಕೊನೆಯ ಮನೆಯ ನೀರು

ಅವರ ಎಡಗಿವಿಯ ತುದಿಗೆ ಸದಾ ತುಕ್ಕು ಹತ್ತಿರುತ್ತಿತ್ತು. ರಸ್ತೆಯ ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಯ ಒಂದು ತುದಿಯನ್ನು ಪೈಪಿಗೆ ಊರಿ, ಇನ್ನೊಂದಕ್ಕೆ ಕಿವಿ ಹಚ್ಚಿ, ನೀರು ಎಲ್ಲಿಯವರೆಗೆ ಬಂತೆಂದು ಕೇಳಿಸಿಕೊಳ್ಳುತ್ತಿದ್ದರು. ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರಿಗೂ ಅವರು ‘ನೀರು ಬಿಡೋರು’. ಹತ್ತು ವರ್ಷ ದಿನಾ ನೋಡಿದ ಮನುಷ್ಯನ ಹೆಸರು ಕೇಳಲಿಲ್ಲ ನಾನು, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ನಾನು ಸೊಸೆಯಾಗಿ ಬಂದ ಮನೆ ರಸ್ತೆಯ ಏರಿನ ತುದಿಯಲ್ಲಿತ್ತು, ಕೊನೆಯದು. ಬೇರೆಯವರಾದರೆ ವಾಲ್ವ್ ತೆರೆದು ಸೈಕಲ್ ಹತ್ತಿ ಹೊರಟುಬಿಡುತ್ತಿದ್ದರು. ಇವರು ಏರು ಹತ್ತಿ ನಮ್ಮ ಗೇಟಿಗೆ ಬಂದು, “ಅಮ್ಮಾವ್ರೇ, ಬಂತಾ?” ಎಂದು ಕೇಳಿ, ನಾನು ‘ಬಂತು’ ಎಂದ ಮೇಲೆಯೇ ಮುಂದಿನ ರಸ್ತೆಗೆ ಹೋಗುತ್ತಿದ್ದರು. “ಮೊದಲ್ನೇ ಮನೆಗೆ ನೀರು ತಾನಾಗೇ ಹೋಗುತ್ತೆ, ಕೊನೇ ಮನೆಗೆ ನಾವು ಕಳಿಸ್ಬೇಕು” ಎನ್ನುವರು. ಅತ್ತೆ ಕಾಫಿ ಕೊಡುತ್ತಾ, “ನಿಮಗೆ ಸಂಬಳ ಕೊಡೋದು ಆಫೀಸೋ, ನನ್ ಸೊಸೇನೋ?” ಎಂದು ರೇಗಿಸುತ್ತಿದ್ದರು.

ರಸ್ತೆಯ ಕೆಳತುದಿಯಲ್ಲಿದ್ದ ಎರಡು ಹಳೆಯ ಬಂಗಲೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿದರು. ಪೈಪು ಮಾತ್ರ ಅದೇ ಹಳೆಯದು. ಅಲ್ಲಿ ಮೋಟರ್ ಹಾಕಿ ಎಳೆದರೆ ನಮ್ಮ ನಲ್ಲಿ ಬರೀ ಗಾಳಿ ಬಿಡುತ್ತಿತ್ತು. ಅದೇ ಹೊತ್ತಿಗೆ ದುಡ್ಡಿಲ್ಲವೆಂದು ಆಫೀಸಿನವರು ಕೆಲಸದವರನ್ನು ಕಡಿಮೆ ಮಾಡಿದರು. ಮೂವರ ರಸ್ತೆಗಳು ಇವರೊಬ್ಬರ ತಲೆಗೆ ಬಿದ್ದವು. ಆದರೂ ಅಪಾರ್ಟ್‌ಮೆಂಟಿನ ಮುಂದೆ ನಿಂತು “ಮೋಟ್ರು ಆಫ್ ಮಾಡ್ರೀ!” ಎಂದು ಗಂಟಲು ಹರಿದುಕೊಂಡು, ಏದುಸಿರು ಬಿಡುತ್ತಾ ನಮ್ಮ ಗೇಟಿಗೆ ಬರುತ್ತಿದ್ದರು.

ಒಂದು ದಿನ ಹೇಳಿದರು: “ನಾಳೆ ಆಫೀಸಿನ ಸಾಹೇಬ್ರು ಮನೆಮನೆಗೂ ಬಂದು, ನೀರು ತಾನಾಗೇ ಬರುತ್ತಾ ಇಲ್ವಾ ಅಂತ ಬರೆಸ್ಕೋತಾರೆ. ವಾಲ್ವ್ ತೆರೆದಿಟ್ರೆ ಎಲ್ಲರಿಗೂ ತಾನಾಗೇ ನೀರು ಹೋಗುತ್ತೆ ಅಂತಾದ್ರೆ ನನ್ ಪೋಸ್ಟೂ ತೆಗೀತಾರೆ. ಹೆಚ್ಗೆ ಏನೂ ಹೇಳ್ಬೇಡಿ ಅಮ್ಮಾವ್ರೇ, ಇರೋದ್ನ ಹೇಳಿ ಸಾಕು.” ಉಳಿದ ಮನೆಗಳಿಗೆ ಹೇಗೋ ನೀರು ಬರುತ್ತಲೇ ಇತ್ತು. ಅವರ ಕೆಲಸ ಉಳಿಯಬೇಕಿದ್ದದ್ದು ನಮ್ಮ ಮನೆಯ ಒಂದು ‘ಇಲ್ಲ’ದಿಂದ.

ಅಷ್ಟರಲ್ಲಿ ನಾವೂ ಮನೆಯನ್ನು ಬಿಲ್ಡರ್‌ಗೆ ಕೊಟ್ಟು ಎರಡು ಫ್ಲಾಟ್ ಪಡೆಯುವ ಮಾತಾಗಿತ್ತು. ಬಿಲ್ಡರ್ ಆ ಸಂಜೆಯೇ ಬಂದು, “ನೀರಿಲ್ಲ ಅಂತ ನೀವೇ ಬರೆದ್ಕೊಟ್ರೆ ಇಲ್ಲಿ ಫ್ಲಾಟ್ ಯಾರ್ ತಗೋತಾರೆ ಮೇಡಂ?” ಎಂದ. ಮರುದಿನ ‘ನೀರು ಸರಿಯಾಗಿ ಬರುತ್ತಿದೆ’ ಎಂಬ ಸಾಲಿನ ಕೆಳಗೆ ನಾನು ಸಹಿ ಮಾಡಿದೆ.

ತಿಂಗಳಲ್ಲಿ ಅವರ ಪೋಸ್ಟ್ ಹೋಯಿತು. ಕಡೆಯ ದಿನವೂ ಗೇಟಿಗೆ ಬಂದರು. “ಪೇಪರ್ನಲ್ಲಿ ನಿಮ್ಮನೇಲಿ ನೀರು ಬಂದ್ಬಿಟ್ಟಿದೆಯಂತಲ್ಲಾ! ಬಿಡಿ, ಒಳ್ಳೇದಾಯ್ತು” ಎಂದು ನಕ್ಕರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಫ್ಲಾಟ್ ಆಯಿತು, ನೀರು ಬರಲಿಲ್ಲ. ಟ್ಯಾಂಕರ್ ತರಿಸತೊಡಗಿದೆವು. ಒಂದು ಬೆಳಿಗ್ಗೆ ನೋಡುತ್ತೇನೆ, ಟ್ಯಾಂಕರಿನ ಪೈಪ್ ಹಿಡಿದು ನಮ್ಮ ಸಂಪಿನ ಬಳಿ ಕುಕ್ಕರುಗಾಲಲ್ಲಿ ಕೂತವರು ಅವರೇ! ಮೂರನೇ ಮಹಡಿಯ ಪರದೆಯ ಹಿಂದೆ ಬಚ್ಚಿಟ್ಟುಕೊಂಡೆ. ಇವತ್ತಿಗೂ ಬೆಳಗಿನ ಜಾವ ಎಚ್ಚರವಾದರೆ, ಕೆಳಗೆ ಗೇಟಿನಲ್ಲಿ ಯಾರೋ ನನ್ನ ಉತ್ತರಕ್ಕೆ ಕಾಯುತ್ತಿದ್ದಾರೆ ಎನ್ನಿಸುತ್ತದೆ. ಎದ್ದು ಹೋಗಿ ನೋಡುತ್ತೇನೆ. ಯಾರೂ ಇರುವುದಿಲ್ಲ.

ಅವರು ತೀರಿಕೊಂಡ ಸುದ್ದಿ ಹೇಳಿದ್ದು ಟ್ಯಾಂಕರ್ ಡ್ರೈವರ್. ಶ್ರೀರಾಂಪುರದ ಅವರ ಮನೆಗೆ ಹೋದೆ. ಅವರ ಹೆಂಡತಿ ಚಾಪೆ ಹಾಸಿ ಕೂರಿಸಿ, “ನೀವೇನಾ ಕೊನೇ ಮನೆ ಅಮ್ಮಾವ್ರು? ಯಾರಾದ್ರೂ ನಿಮ್ಮನ್ನ ಅಂದ್ರೆ ಅವರು ಸುಮ್ನೆ ಬಿಡ್ತಿರಲಿಲ್ಲ. ‘ಪಾಪ, ಓದ್ದೇ ಸೈನ್ ಹಾಕ್ಬಿಟ್ರು’ ಅಂತಿದ್ರು” ಎಂದರು.

ಓದಿದ್ದೆ. ಎರಡು ಸಲ ಓದಿದ್ದೆ. ಅದನ್ನು ಹೇಳಲು ಅಲ್ಲಿಯೂ ನನಗೆ ಬಾಯಿ ಬರಲಿಲ್ಲ.