ಅಪ್ಪ ಬರೆದ ‘ಕೂಲಿ’

ಅಪ್ಪ ಇಂಗ್ಲಿಷ್ ಅಕ್ಷರ ಕಲಿತದ್ದು ಗೂಡ್ಸ್ ವ್ಯಾಗನ್‌ಗಳನ್ನು ನೋಡಿ. ಸಂಡೂರಿನ ಗಣಿಗಳಿಂದ ಬಂದ ಅದಿರನ್ನು ರೈಲಿಗೆ ತುಂಬುವ ಸೈಡಿಂಗಿನಲ್ಲಿ ಅವನು ಕೂಲಿ ಮಾಡುತ್ತಿದ್ದ. ವ್ಯಾಗನ್ನಿನ ಮೈಮೇಲೆ ಬಿಳಿ ಬಣ್ಣದಲ್ಲಿ ಬರೆದ ಅಕ್ಷರಗಳು ಯಾವುವೆಂದು ಅಲ್ಲಿನ ಗುಮಾಸ್ತರನ್ನು ಕೇಳಿ ತಿಳಿದುಕೊಂಡು, ಮನೆಗೆ ಬಂದು ನನ್ನ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ತಿದ್ದುತ್ತಿದ್ದ. ಎಷ್ಟು ತೊಳೆದರೂ ಅವನ ಬೆರಳಿನ ಕೆಂಪು ಹೋಗುತ್ತಿರಲಿಲ್ಲ. ಹಾಳೆಯ ಅಂಚೆಲ್ಲ ಕೆಂಪಾಗುತ್ತಿತ್ತು.

ನನ್ನನ್ನು ಹೊಸಪೇಟೆಯ ಕಾಲೇಜಿಗೆ ಸೇರಿಸುವಾಗ ಅರ್ಜಿಯನ್ನು ತಾನೇ ತುಂಬುತ್ತೇನೆಂದು ಹಟ ಹಿಡಿದ. ತಂದೆಯ ಉದ್ಯೋಗ ಎಂಬಲ್ಲಿ ನಾಲಿಗೆ ಕಚ್ಚಿಕೊಂಡು ಒಂದೊಂದೇ ಅಕ್ಷರ ಕೂರಿಸಿದ. ಸಿ, ಎರಡು ಓ, ಎಲ್, ವೈ.

ಇಂಗ್ಲಿಷ್ ಪಾಠ ಮಾಡುವ ಸರ್ ಮೊದಲ ವಾರವೇ ಆ ಅರ್ಜಿಗಳನ್ನು ಕ್ಲಾಸಿಗೆ ತಂದರು. ನನ್ನದನ್ನು ಎತ್ತಿ ಹಿಡಿದು ನನ್ನನ್ನು ಎದ್ದು ನಿಲ್ಲಲು ಹೇಳಿದರು.

“ನಿಮ್ಮಪ್ಪ ಏನ್ ಕೆಲಸ ಮಾಡ್ತಾನವ್ವ?”

“ಕೂಲಿ, ಸರ್.”

“ಇಲ್ಲಿ ಹಂಗ ಇಲ್ಲಲ್ಲ. ಕೂಲ್ ಅಂತ ಬರ್ದು ಮುಂದ ಒಂದು ವೈ ಹಚ್ಯಾನ. ಭಾಳ ತಂಪಿನ ಮನುಷ್ಯ ಏನು? ಸಂಡೂರಿನ ಬಿಸಿಲಾಗ ಇಷ್ಟು ತಂಪು ಎಲ್ಲಿಂದ ಬಂತು?”

ಕ್ಲಾಸು ಗೊಳ್ಳೆಂದಿತು. ಸರ್ ಹಲಗೆಯ ಮೇಲೆ ಕೊನೆಗೆ ಐ, ಇ ಹಾಕಿ ಆ ಪದ ಬರೆದರು. “ಬರೋದು ಇದೊಂದ ಕೆಲಸ. ಅದರ ಹೆಸರೂ ಬರಿಯಾಕ ಬರಂಗಿಲ್ಲ” ಅಂದರು. ಎಲ್ಲರ ಜೊತೆ ನಾನೂ ನಕ್ಕೆ. ನಗದಿದ್ದರೆ ಅಳಬೇಕಾಗುತ್ತಿತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ನಿಜ ಹೇಳಬೇಕೆಂದರೆ, ಆ ಕ್ಷಣ ನನಗೆ ಅಪ್ಪನ ಮೇಲೆಯೇ ನಗು ಬಂದಿತ್ತು.

ಅಂದಿನಿಂದ ನನ್ನ ಹೆಸರು ‘ಕೂಲ್ ವೈ’ ಆಯಿತು. ಕೆಲವು ತಿಂಗಳ ನಂತರ ನಮ್ಮ ಕ್ಲಾಸನ್ನು ಹಂಪಿಗೆ ಕರೆದೊಯ್ದರು. ಹಂಪಿ ಬಜಾರಿನ ಹತ್ತಿರ ಬಸ್ಸಿನಿಂದ ಇಳಿಯುತ್ತಿದ್ದಂತೆ ಸರ್ ಊಟದ ದೊಡ್ಡ ಚೀಲವನ್ನು ನನ್ನ ಕೈಗೆ ಕೊಟ್ಟರು. “ಹಿಡಿ. ನಿಮ್ಮ ಮನಿತನದ ಕೆಲಸ. ಇದಕ್ಕ ಸ್ಪೆಲ್ಲಿಂಗ್ ಬೇಕಾಗಂಗಿಲ್ಲ.” ಸಾಲು ಮಂಟಪಗಳ ಉದ್ದಕ್ಕೂ, ಬಜಾರಿನ ಆ ತುದಿಯ ಎದುರು ಬಸವಣ್ಣನವರೆಗೆ ಅದನ್ನು ಹೊತ್ತು ನಡೆದೆ. ಒಂದು ಕಡೆ ಹಿಡಿಯುತ್ತೇನೆಂದು ಯಾರೂ ಬರಲಿಲ್ಲ. ಒಬ್ಬ ಗೆಳತಿ ಪಕ್ಕಕ್ಕೆ ಬಂದು, ತನ್ನ ನೀರಿನ ಬಾಟಲಿಯನ್ನೂ ಚೀಲದಲ್ಲಿ ತುರುಕಿ ಮುಂದೆ ಹೋದಳು.

ಆ ಶನಿವಾರ ಹಾಸ್ಟೆಲಿನಿಂದ ಸಂಡೂರಿನ ಮನೆಗೆ ಹೋದೆ. ಅಪ್ಪ ನೋಟ್‌ಬುಕ್ ಹಿಡಿದು ಬಾಗಿಲಲ್ಲೇ ಕೂತಿದ್ದ.

“ನೋಡವ್ವಾ, ವ್ಯಾಗನ್ ಅಂತ ಬರದೀನಿ. ಖರೇ ಐತೇನು?”

ನಾನು ನೋಡಲೇ ಇಲ್ಲ. “ಬರಿಯಾಕ ಬರದವ್ರು ಪೆನ್ ಮುಟ್ಟಬಾರ್ದು. ಎಲ್ಲಾರ ಮುಂದ ನನ್ನ ಮಾನ ಕಳದಿ. ಹೆಬ್ಬೆಟ್ಟು ಒತ್ತಿದ್ರ ಎಷ್ಟೋ ಚಂದಿತ್ತು.”

ಏನು ತಪ್ಪಾಯಿತೆಂದು ಕೇಳಿದ. ಹೇಳಿದೆ. ಮೆಲ್ಲಗೆ ಅಂದ: “ಸೈಡಿಂಗಿನ ಹಳೇ ಬೋರ್ಡಿನ ಮ್ಯಾಲ ಹಂಗ ಬರದೈತಲ್ಲವ್ವಾ. ಅದನ್ನ ನೋಡಿ ಕಲ್ತಿದ್ದೆ.”

“ಆ ಬೋರ್ಡ್ ಬರದಾವನೂ ನಿನ್ನಂಗ ದಡ್ಡ ಇರ್ಬೇಕು.”

ಒಲೆಯ ಮುಂದಿದ್ದ ಅವ್ವ, “ಬಾಯಿ ಮುಚ್ಚಲೇ” ಎಂದು ಕೂಗಿದಳು. ಅಪ್ಪ ನೋಟ್‌ಬುಕ್ ಮುಚ್ಚಿದ. ಮರುದಿನ ಬೆಳಿಗ್ಗೆ ಅವ್ವ ಅದರ ಹಾಳೆ ಹರಿದು ಒಲೆ ಹೊತ್ತಿಸುತ್ತಿದ್ದಳು. ಅಪ್ಪನೇ ಕೊಟ್ಟಿದ್ದನಂತೆ.

ಎರಡನೇ ವರ್ಷದಲ್ಲಿ ಕಾಲೇಜಿನ ಲೈಬ್ರರಿಯ ದೊಡ್ಡ ನಿಘಂಟಿನಲ್ಲಿ ಆ ಪದ ಹುಡುಕಿದೆ. ಐ, ಇ ಇರುವ ರೂಪದ ಪಕ್ಕದಲ್ಲೇ ವೈ ಇರುವ ರೂಪವೂ ಇತ್ತು. ಎರಡೂ ಸರಿ. ಕ್ಯೂ, ಕೆ ಅಕ್ಷರಗಳಿಂದ ಶುರುವಾಗುವ ಹಳೆಯ ರೂಪಗಳೂ ಇದ್ದವು. ಪದದ ಮೂಲ ಗುಜರಾತಿನ ಕಡೆಯ ಒಂದು ಜನಾಂಗದ ಹೆಸರು ಎಂದು ಕೆಲವರ ಮತ, ನಮ್ಮ ದಕ್ಷಿಣದ ‘ಕೂಲಿ’ಯೇ ಎಂದು ಇನ್ನು ಕೆಲವರದು, ತುರ್ಕಿಯಲ್ಲಿ ಗುಲಾಮನಿಗೆ ಹೇಳುವ ‘ಕುಲ್’ ಕೂಡ ಅದರಲ್ಲಿ ಬೆರೆತಿರಬಹುದಂತೆ. ನಮ್ಮಲ್ಲಿ ಕೂಲಿ ಎಂದರೆ ದುಡಿದದ್ದಕ್ಕೆ ಸಿಗುವುದು. ದುಡಿಯುವವನು ಕೂಲಿಯಾಳು. ಇಂಗ್ಲಿಷಿನವರು ಆ ಪದವನ್ನು ಆಳಿನ ಮೇಲೆಯೇ ಹೇರಿ, ಹಡಗು ಹತ್ತಿಸಿ, ದೂರದ ದ್ವೀಪಗಳ ಕಬ್ಬಿನ ತೋಟಗಳಿಗೆ ಸಾಗಿಸಿದ್ದರು. ಆಮೇಲೆ ಅದು ಬೈಗುಳವಾಯಿತು.

ನಿಘಂಟನ್ನು ಎತ್ತಿಕೊಂಡು ಹೋಗಿ ಸರ್ ಮುಂದೆ ತೆರೆದಿಟ್ಟೆ. ಅವರು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ.

“ಹೌದು. ಹಳೇ ಕಾಗದಪತ್ರದಾಗ ವೈ ಹಾಕೇ ಬರೀತಿದ್ರು. ನನಗ ಅವತ್ತೂ ಗೊತ್ತಿತ್ತು.”

“ಮತ್ಯಾಕ ಸರ್ ಹಂಗಂದ್ರಿ?”

“ಅವತ್ತು ಕ್ಲಾಸ್ ಭಾಳ ಡಲ್ ಇತ್ತವ್ವ” ಎಂದು ಹೇಳಿ ಚಹಾ ಕುಡಿಯಲು ಎದ್ದು ಹೋದರು.

ಅವರ ಮೇಲಿನ ಸಿಟ್ಟು ನನಗೆ ಬಹಳ ವರ್ಷ ಅನುಕೂಲಕ್ಕೆ ಬಂತು. ಅದನ್ನು ಇಟ್ಟುಕೊಂಡು ನನ್ನ ತಪ್ಪನ್ನು ಮುಚ್ಚಿಕೊಂಡೆ. ಅಪ್ಪನಿಗೆ ವಿಷಯ ಹೇಳಲಿಲ್ಲ. ಹೇಳಿದರೆ ನಾನು ಆಡಿದ ಮಾತೂ ಮತ್ತೆ ಎದುರಿಗೆ ಬಂದು ನಿಲ್ಲುತ್ತಿತ್ತು. ಮುಂದೆ ಒಮ್ಮೆ ಬ್ಯಾಂಕಿನಲ್ಲಿ ಅಪ್ಪ ಸಹಿಯ ಜಾಗಕ್ಕೆ ಹೆಬ್ಬೆಟ್ಟು ಚಾಚಿದ. “ಹಳೇ ಫಾರ್ಮಿನ್ಯಾಗ ಸಹಿ ಐತಲ್ರಿ” ಅಂದರು ಅಲ್ಲಿನವರು. “ಇಲ್ರಿ, ನನಗ ಬರಿಯಾಕ ಬರಂಗಿಲ್ಲ” ಅಂದ. ಪಕ್ಕದಲ್ಲೇ ಇದ್ದ ನಾನು ಇಂಕಿನ ಡಬ್ಬಿಯನ್ನು ಅವನ ಕಡೆ ಸರಿಸಿದೆ.

ಈಗ ನಾನು ಕಂಪ್ಲಿಯ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಸಂಡೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾನೆ. ಕಳೆದ ಬೇಸಿಗೆಯಲ್ಲಿ ಕಣ್ಣು ತೋರಿಸಲೆಂದು ಅವನನ್ನು ಕರೆಸಿಕೊಂಡಿದ್ದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ನನ್ನ ನಿಘಂಟು ತಂದು ಆ ಪುಟ ಓದಿದೆ. “ನೀ ಬರದಿದ್ದು ಸರಿ ಇತ್ತಪ್ಪಾ” ಅಂದೆ. ಅವನು ಖುಷಿಪಡುತ್ತಾನೆ ಎಂದುಕೊಂಡಿದ್ದೆ.

“ಇದು ನಿನಗ ಯಾವಾಗ ಗೊತ್ತಾತು?”

“ಕಾಲೇಜಿನ್ಯಾಗ. ಎರಡನೇ ವರ್ಷ.”

ಅವನು ಬೆರಳು ಮಡಚುತ್ತ ಲೆಕ್ಕ ಹಾಕಿದ. “ಹದಿನಾರು ವರ್ಷ ಆತು.”

ಪೆನ್ನನ್ನೂ ಹಾಳೆಯನ್ನೂ ಅವನ ಮುಂದಿಟ್ಟು, ಒಂದು ಸಲ ಬರೆ ಎಂದು ಬೇಡಿಕೊಂಡೆ. ಮುಟ್ಟಲಿಲ್ಲ. “ಈಗ ಕಣ್ಣು ಕಾಣಂಗಿಲ್ಲ. ಆಗ ಕಾಣ್ತಿದ್ವು” ಅಂದ. ಸಿಟ್ಟಿಲ್ಲದೆ, ಹವೆಯ ಸುದ್ದಿ ಹೇಳುವಂತೆ ಅಂದ. ಇನ್ನೂ ಎರಡು ವಾರ ಇರಬೇಕಾಗಿದ್ದವನು ಮರುದಿನವೇ ಬಸ್ ಹತ್ತಿಸೆಂದ. ಹತ್ತಿಸಿದೆ. ಹೊಸಪೇಟೆಯಲ್ಲಿ ಬಸ್ ಬದಲಿಸಬೇಕು, ಬೋರ್ಡ್ ನೋಡಿ ಹತ್ತು ಎಂದು ಹೇಳಿದೆ.

“ಯಾರನ್ನರ ಕೇಳ್ತೀನಿ” ಅಂದ.