ಪಂಕಜಾ ಹಂಚಿದ ಕರಗುವ ಕುಂಡಗಳು

ಕುರುಬರಹಳ್ಳಿಯ ಪಂಕಜಾಗೆ ಯಾವುದನ್ನೂ ಮೆಲ್ಲಗೆ ಹೇಳಿ ಅಭ್ಯಾಸವಿಲ್ಲ. ಸೀರೆಗೆ ಫಾಲ್ ಹಚ್ಚಿ, ಸೆರಗಿಗೆ ಕುಚ್ಚು ಕಟ್ಟಿಕೊಡುವ ಸಣ್ಣ ಅಂಗಡಿ ಅವಳದು. ಹೊಸ ನಮೂನೆಯ ಕುಚ್ಚೊಂದು ಕೈಗೆ ಹತ್ತಿದರೆ ಎದುರಿನ ಬೇಕರಿಯವರನ್ನೂ ಕೂಗಿ ಕರೆದು ತೋರಿಸುತ್ತಾಳೆ. ಐವತ್ತು ದಾಟಿದ ಮೇಲೆ ಅವಳಿಗೆ ತಾರಸಿ ತೋಟದ ಹುಚ್ಚು ಹಿಡಿಯಿತು. ಟೊಮೆಟೊ, ಮೆಣಸಿನಕಾಯಿ ಚೆನ್ನಾಗಿಯೇ ಬಂದವು. ಹೀರೆ ಮಾತ್ರ ಕೈಕೊಡುತ್ತಿತ್ತು. ಟ್ರೇಯಲ್ಲಿ ಬೀಜ ಸೊಗಸಾಗಿ ಮೊಳೆಯುತ್ತಿತ್ತು; ಕಿತ್ತು ದೊಡ್ಡ ಕುಂಡಕ್ಕೆ ನೆಟ್ಟ ಮರುದಿನವೇ ಸಸಿ ಸೊರಗಿ ಮಲಗುತ್ತಿತ್ತು. ಬೇರು ಅಲುಗಿದರೆ ಹೀರೆಗೆ ಆಗುವುದಿಲ್ಲ.

ಒಂದು ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಅವಳು ಫೋನಿನಲ್ಲಿ ಒಂದು ವಿಡಿಯೋ ನೋಡಿದಳು. ರಟ್ಟಿನಂಥ ಕಂದು ಬಣ್ಣದ ಪುಟ್ಟ ಕುಂಡ. ಪೀಟ್ ಪಾಟ್ ಅಂತೆ. ತಣ್ಣನೆ ದೇಶಗಳ ಜೌಗಿನಲ್ಲಿ ಕೊಳೆತ ಪಾಚಿಯಿಂದ ಮಾಡಿದ್ದು. ಸಸಿಯನ್ನು ಕೀಳುವುದೇ ಬೇಡ, ಕುಂಡದ ಸಮೇತ ಮಣ್ಣಿಗಿಟ್ಟರೆ ಅದೇ ಕರಗಿಹೋಗುತ್ತದೆ!

"ರೀ, ಬನ್ರೀ ಇಲ್ಲಿ! ಬೇರು ಮುಟ್ಟೋದೇ ಬೇಡ್ವಂತೆ!" ಎಂದು ಮನೆಗೆ ಬಂದವಳೇ ಗಂಡನನ್ನು ಕರೆದಳು.

ವೆಂಕಟಗಿರಿ ಟೆಲಿಫೋನ್ ಇಲಾಖೆಯಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು, ಅವಸರವಿಲ್ಲದ ಮನುಷ್ಯ. "ಮಣ್ಣಲ್ಲಿ ಮಣ್ಣಾಗೋದನ್ನ ದುಡ್ಡು ಕೊಟ್ಟು ತರಬೇಕೇನೇ?" ಎಂದನಷ್ಟೇ. ಅಷ್ಟರಲ್ಲಿ ಅವಳು ಆರ್ಡರ್ ಮಾಡಿಯಾಗಿತ್ತು.

ಶಿವರಾತ್ರಿಯ ಸುಮಾರಿಗೆ ಬಿತ್ತಿದಳು. ಬೆಳಿಗ್ಗೆ ನೀರು ಹಾಕಿದರೆ ಮಧ್ಯಾಹ್ನದ ಊಟದ ಹೊತ್ತಿಗೆ ಕುಂಡಗಳು ಒಣಗಿ ರಟ್ಟಾಗಿರುತ್ತಿದ್ದವು. ಮಣ್ಣಿನ ತೇವವನ್ನೆಲ್ಲ ಗೋಡೆಗಳೇ ಹೀರಿ ಬಿಸಿಲಿಗೆ ಬಿಟ್ಟುಕೊಡುತ್ತಿದ್ದವು. ಹೆಚ್ಚು ನೀರು ಹಾಕಿದರೆ ಹೊರಗೆ ಬಿಳಿ ಬೂಸ್ಟು. ಕೊನೆಗೆ ಕುಂಡಗಳನ್ನು ಒತ್ತೊತ್ತಾಗಿ ಹಳೇ ಪಾತ್ರೆ ತೊಳೆಯುವ ಟಬ್ಬಿನಲ್ಲಿ ನಿಲ್ಲಿಸಿ, ತಳಕ್ಕೆ ಮಾತ್ರ ಸ್ವಲ್ಪ ನೀರು ಬಿಟ್ಟಳು. ಅದು ಹಿಡಿಸಿತು. ಹೀರೆ ಎರಡೆಲೆ, ನಾಲ್ಕೆಲೆ ಬಿಟ್ಟು ನಿಂತಿತು.

ಆ ಖುಷಿಯಲ್ಲೇ ಅವಳು ಒಂದು ಮಾತು ಕೊಟ್ಟುಬಿಟ್ಟಳು. ಅವಳ ಹಳೆಯ ನೆರೆಯವಳು ಹೊನ್ನವ್ವ ಹೇರೋಹಳ್ಳಿಯಲ್ಲಿ ಮನೆ ಕಟ್ಟಿಸಿದ್ದಳು. ಗೃಹಪ್ರವೇಶಕ್ಕೆ ಬಂದವರಿಗೆ ಪ್ಲಾಸ್ಟಿಕ್ ಡಬ್ಬಿ ಕೊಡುವ ಯೋಚನೆ ಇತ್ತು.

"ಡಬ್ಬಿ ಯಾಕೆ ಹೊನ್ನವ್ವಕ್ಕ? ತಾಂಬೂಲದ ಜೊತೆ ಒಂದೊಂದು ಹೀರೆ ಸಸಿ ಕೊಡೋಣ. ಕುಂಡ ಸಮೇತ ನೆಟ್ಬಿಟ್ರೆ ಆಯ್ತು, ಕೆಲಸಾನೇ ಇಲ್ಲ!"

"ಸತ್ತುಗಿತ್ತು ಹೋದ್ರೆ ಅಪಶಕುನ ಅಂತಾರೆ ಕಣೇ."

"ಸಾಯಲ್ಲ. ನಾನಿದೀನಲ್ಲ!"

ಗೃಹಪ್ರವೇಶದ ದಿನ ಗುಂಡಿಬಿದ್ದ ರಸ್ತೆಯಲ್ಲಿ ಆಟೋದ ತುಂಬ ಸಸಿಗಳನ್ನಿಟ್ಟುಕೊಂಡು, ಒಂದನ್ನೂ ಉರುಳಲು ಬಿಡದೆ ಅವಳು ಹೇರೋಹಳ್ಳಿ ತಲುಪಿದಳು. ಹೆಂಗಸರು ಎಲೆ ಅಡಿಕೆಗಿಂತ ಮೊದಲು ಸಸಿಗೇ ಕೈ ಚಾಚಿದರು. ಹೊನ್ನವ್ವನ ಸೊಸೆ ಎಲ್ಲರನ್ನೂ ಸೇರಿಸಿ 'ಹೀರೆ ಬಳಗ' ಎಂದು ವಾಟ್ಸಾಪ್ ಗುಂಪು ಮಾಡಿದಳು.

ಕೆಲವು ದಿನ ಗುಂಪಿನಲ್ಲಿ ಬರೀ ಹಸಿರು ಫೋಟೋಗಳು. ಆಮೇಲೆ ಒಬ್ಬೊಬ್ಬರೇ ಬರೆಯತೊಡಗಿದರು: ಬೆಳೆಯುತ್ತಿಲ್ಲ, ಎಲೆ ಹಳದಿಯಾಗುತ್ತಿದೆ. ಪಂಕಜಾಳ ತಾರಸಿಯಲ್ಲೂ ಅದೇ ಕಥೆ. ಆದರೆ ಒಂದು ಬಳ್ಳಿ ಮಾತ್ರ ಬಟ್ಟೆ ಒಣಹಾಕುವ ತಂತಿಯನ್ನು ಹಿಡಿದು ಓಡುತ್ತಿತ್ತು. ಅದೇಕೆಂದು ಅವಳಿಗೆ ತಿಳಿಯಲಿಲ್ಲ.

ಚಂದ್ರಾ ಲೇಔಟಿನ ಕೋಕಿಲಾ ಬ್ಯಾಂಕಿನಲ್ಲಿ ಅಧಿಕಾರಿ, ಪಂಕಜಾಳ ಬಹಳ ವರ್ಷದ ಗಿರಾಕಿ; ಗೃಹಪ್ರವೇಶಕ್ಕೆ ಬಂದು ಸಸಿ ಒಯ್ದವಳು. ಆಕೆಯೇ ಫೋನ್ ಮಾಡಿದಳು. "ಪಂಕಜಾ ಅವರೇ, ಸುಮ್ನೆ ಕೂರೋಕಾಗ್ಲಿಲ್ಲ, ಅಗೆದು ನೋಡ್ದೆ. ಕುಂಡ ಕರಗೇ ಇಲ್ಲ. ಹಾಗೇ ಇದೆ!"

ಪಂಕಜಾ ಅಂಗಡಿಯ ಶಟರ್ ಅರ್ಧ ಎಳೆದು, ಸ್ಕೂಟಿಯಲ್ಲಿ ಚಂದ್ರಾ ಲೇಔಟಿಗೆ ಹೋದಳು. ಇಬ್ಬರೂ ತಾರಸಿಯಲ್ಲಿ ಕುಕ್ಕರಗಾಲಲ್ಲಿ ಕೂತರು. ಕುಂಡದ ಅಂಚು ಮಣ್ಣಿನಿಂದ ಮೇಲೆ ಉಳಿದು, ಗಾಳಿಗೆ ಒಣಗಿ ಗಟ್ಟಿಯಾಗಿತ್ತು. ಒಣಗಿದ ಅಂಚು ಕೆಳಗಿನ ತೇವವನ್ನೂ ಎಳೆದುಬಿಟ್ಟಿತ್ತು. ಒಳಗೆ ಬೇರುಗಳು ದಾರಿ ಕಾಣದೆ ಸುತ್ತು ಹಾಕಿಕೊಂಡಿದ್ದವು.

ತನ್ನ ತಾರಸಿಯ ಆ ಒಂದು ಬಳ್ಳಿ ನೆನಪಾಗಿ ಪಂಕಜಾ ತಟಕ್ಕನೆ ಎದ್ದು ಗಂಡನಿಗೆ ಫೋನ್ ಮಾಡಿದಳು. "ರೀ, ತಂತಿ ಹತ್ರ ಇರೋ ಬಳ್ಳಿಗೆ ಏನ್ ಮಾಡಿದ್ರಿ?"

ವೆಂಕಟಗಿರಿ ತಡವರಿಸಿದ. "ಬೈಬೇಡ ಕಣೇ. ನೀನು ಅದನ್ನ ನೆಡೋಕ್ಕೆ ಮುಂಚೆ, ಪಂಚೆ ಒಣಹಾಕೋವಾಗ ಅದರ ಮೇಲೆ ಕಾಲಿಟ್ಬಿಟ್ಟೆ. ಕುಂಡ ಒಡೆದುಹೋಯ್ತು. ಚೂರುಚೂರಾಗಿದ್ದನ್ನೇ ದೊಡ್ಡ ಕುಂಡದ ಮಣ್ಣೊಳಗೆ ಹೂತು ನೀರು ಹಾಕ್ದೆ."

"ಬೈತೀನಾ? ಪುಣ್ಯಾತ್ಮ ಕಣ್ರೀ ನೀವು!" ಎಂದು ಅವಳು ಕೂಗಿದ್ದು ಪಕ್ಕದ ತಾರಸಿಗೂ ಕೇಳಿತು.

ಅಲ್ಲಿಂದಲೇ ಗುಂಪಿಗೆ ದನಿ ಸಂದೇಶ ಹೋಯಿತು. "ಎಲ್ರೂ ಕೇಳ್ರಪ್ಪಾ! ತಪ್ಪು ನಂದೇ, ಹಾಗೇ ನೆಡಿ ಅಂದ್ಬಿಟ್ಟೆ. ಈಗ ಮೊದ್ಲು ಕುಂಡ ಚೆನ್ನಾಗಿ ನೆನೀಲಿ. ಆಮೇಲೆ ಮೇಲಿನ ಅಂಚು ಹರಿದು ತೆಗೀರಿ, ತಳ ಕಿತ್ಹಾಕಿ, ಪಕ್ಕ ಸೀಳಿ. ಬೇರು ಮುಟ್ಬೇಡಿ. ಪೂರ್ತಿ ಮಣ್ಣು ಮುಚ್ಚಿ. ಇವತ್ತೇ ಮಾಡಿ!"

ಆ ಸಂಜೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಹೀರೆ ಬಳಗದವರು ಮಣ್ಣು ಕೆದಕುತ್ತಿದ್ದರು. ಕೈಯೆಲ್ಲ ಕೆಸರಾದ ಫೋಟೋಗಳು ಒಂದರ ಮೇಲೊಂದು ಬಂದವು. ಕೆಲವು ಸಸಿಗಳು ಉಳಿಯಲಿಲ್ಲ. ಉಳಿದವು ಯುಗಾದಿ ಕಳೆದ ಕೆಲವು ವಾರಗಳಲ್ಲಿ ಕುಡಿ ಚಾಚಿದವು. ಹೊನ್ನವ್ವನ ಹೊಸ ಕಾಂಪೌಂಡಿನ ಮೇಲೆ ಹತ್ತಿದ ಬಳ್ಳಿ ಬೀದಿಯವರೆಲ್ಲ ನಿಂತು ನೋಡುವಂತಾಯಿತು.

ಈಗ ಅಂಗಡಿಗೆ ಬಂದವರು ಕೇಳುತ್ತಾರೆ, ಆ ಕುಂಡ ತರಿಸೋದು ದಂಡಾನಾ ಅಂತ. ಪಂಕಜಾ ಸೂಜಿ ಬದಿಗಿಟ್ಟು ಹೇಳುತ್ತಾಳೆ: "ಟೊಮೆಟೊ, ಮೆಣಸಿನಕಾಯಿಗೆ ದಂಡಾನೇ. ಅವು ಕಿತ್ತು ನೆಟ್ರೂ ಬದುಕ್ತವೆ, ಟ್ರೇ ಸಾಕು. ಹೀರೆ, ಸೋರೆ, ಸೌತೆಗಾದ್ರೆ ತರಿಸಿ, ಆದ್ರೆ ಹರಿದು ನೆಡ್ಬೇಕು. ನಾನೀಗ ಹಳೇ ಪೇಪರ್ ಸುತ್ತಿ ಅಂಥದೇ ಕುಂಡ ಮಾಡ್ತಾ ಇದೀನಿ, ನೋಡೋಣ ಅಂತ."

ಮೊನ್ನೆ ಸಂಜೆ ಕೋಕಿಲಾಳ ಬಳ್ಳಿಯಲ್ಲಿ ಮೊದಲ ಹೆಣ್ಣು ಹೂವು ಅರಳಿತು. ಹೀರೆ ಹೂವು ಅರಳುವುದು ಬಿಸಿಲಿಳಿದ ಮೇಲೆಯೇ. ಪಂಕಜಾ ಓಡೋಡಿ ಬಂದು, ಗಂಡು ಹೂವೊಂದನ್ನು ಕಿತ್ತು, ಅದರ ಪರಾಗವನ್ನು ಹೆಣ್ಣು ಹೂವಿನ ನಡುವೆ ಮೆಲ್ಲಗೆ ಸವರಿದಳು. ಹೂವಿನ ಹಿಂದೆ ಕಿರುಬೆರಳಿನಷ್ಟು ಕಾಯಿ, ಅದಕ್ಕಾಗಲೇ ಏಣು ಮೂಡಿತ್ತು.

"ಇದನ್ನ ಬಜ್ಜಿ ಮಾಡೋಣ್ವಾ, ಚಟ್ನಿ ಮಾಡೋಣ್ವಾ?" ಎಂದಳು ಕೋಕಿಲಾ.

"ಮೊದ್ಲು ಫೋಟೋ ತೆಗೀರಿ ಮೇಡಂ!" ಎಂದು ಪಂಕಜಾ ಕುಣಿದಳು.