ಚಂಪೆಂಗ್ ಇಟ್ಟ ಮೂರು ಚುಕ್ಕಿ

ಪ್ರೆ ಎಂಬ ಪಟ್ಟಣದಲ್ಲಿ ಎಂಜಿನ್ನಿನ ಮೇಲ್ಮುಚ್ಚಳವಾದ ಹೆಡ್ಡು ಸೊಟ್ಟಗಾದರೆ ಅದನ್ನು ಸಮ ಮಾಡಿಸಲು ಜನ ಚಂಪೆಂಗಳ ಶೆಡ್ಡಿಗೇ ಹೋಗುತ್ತಾರೆ. ಹತ್ತೊಂಬತ್ತನೇ ವಯಸ್ಸಿಗೆ ಅಕ್ಕಿ ಗಿರಣಿಯ ವರ್ಕ್‌ಶಾಪಿನಲ್ಲಿ ಕಸ ಗುಡಿಸಲು ಸೇರಿ, ಮೇಸ್ತ್ರಿ ಊಟಕ್ಕೆ ಹೋದಾಗಲೆಲ್ಲ ಲೇತಿನ ಮುಂದೆ ನಿಂತು ಕೆಲಸ ಕದ್ದು ಕಲಿತವಳು. ಈಗ ಐವತ್ತೆಂಟು. ಸೊಂಟನೋವಿಗೆ ಸ್ಪ್ಯಾನರು ಕೆಳಗಿಟ್ಟ ಅವಳ ಗಂಡ, ಇಂತಾ ಎಂಬವನು, ಶೆಡ್ಡಿನ ಹಿಂದೆಯೇ ಅಡುಗೆ ನೋಡಿಕೊಳ್ಳುತ್ತಾನೆ. ಹೆಂಡತಿಯ ಕೆಲಸ, ತನ್ನ ಕೈರುಚಿ, ಎರಡರ ಬಗ್ಗೆಯೂ ಅವನಿಗೆ ಒಂದೇ ತೂಕದ ಜಂಬ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಟೊಂಗ್ ಎಂಬವನು ಬಿಚ್ಚಿದ ಹೆಡ್ಡೊಂದನ್ನು ಅದರ ಬೋಲ್ಟುಗಳ ಸಮೇತ ಗೋಣಿಚೀಲದಲ್ಲಿ ಹೊತ್ತು ತಂದ. ಊರಿನಲ್ಲಿ ಹೊಲಿಯುವ ನೀಲಿ ಅಂಗಿಗಳನ್ನು ತನ್ನ ಟರ್ಬೊ ಕಾರಿನಲ್ಲಿ ತುಂಬಿಕೊಂಡು ಘಟ್ಟದಾಚೆಯ ಪಯಾವ್ ಊರಿನ ಅಂಗಡಿಗಳಿಗೆ ಹಾಕುವವನು.

"ದೊಡ್ಡಮ್ಮಾ, ಹೆಡ್ಡಿನಡಿ ಹಾಕೋ ಗ್ಯಾಸ್ಕೆಟ್ ಒಂದೇ ವರ್ಷದಲ್ಲಿ ಮೂರನೇದು ಹೋಯ್ತು. ಮೊದ್ಲು ರೇಡಿಯೇಟರ್ ನೀರು ಕಮ್ಮಿ ಆಗುತ್ತೆ, ಆಮೇಲೆ ಬಿಳಿ ಹೊಗೆ. ಮೂರೂ ನಕಲಿ ಮಾಲೇ ಇರ್ಬೇಕು. ಎಲ್ಲಕ್ಕಿಂತ ದಪ್ಪಂದು ಎಲ್ಲಿ ಸಿಗುತ್ತೆ ಹೇಳಿ, ಸಾಕು."

"ಸತ್ತವನನ್ನೇ ಕೊಲೆಗಾರ ಅಂತಿದ್ದೀಯಲ್ಲೋ," ಎಂದಳು ಚಂಪೆಂಗ್. "ಎಂಜಿನ್ನಿಗೆ ಟರ್ಬೊ ತುರುಕೋ ಗಾಳಿ ಏರಿಸಿದ್ದೀಯಾ?"

ಟೊಂಗ್ ತಲೆ ಕೆರೆದುಕೊಂಡ. "ಸ್ವಲ್ಪ... ಘಟ್ಟದಲ್ಲಿ ಲಾರಿಗಳನ್ನ ಹಿಂದೆ ಹಾಕೋಕೆ."

"ನೋಡು ಮತ್ತೆ. ಗಾಳಿ ತುರುಕಿದಷ್ಟೂ ಒಳಗಿನ ಒತ್ತಡ ಏರುತ್ತೆ. ಹೆಡ್ಡನ್ನ ಅದುಮಿ ಹಿಡಿದಿರೋದು ಬೋಲ್ಟುಗಳು. ಎಳೆದು ಉದ್ದ ಆಗಿರೋ ಈ ಹಳೇ ಬೋಲ್ಟನ್ನೇ ಗ್ಯಾರೇಜಿನವರು ಮತ್ತೆ ಮತ್ತೆ ಬಿಗಿದಿದ್ದಾರೆ. ಹೆಡ್ಡು ಕೂದಲೆಳೆಯಷ್ಟು ಎದ್ದರೂ ಸಾಕು, ಬೆಂಕಿ ಗ್ಯಾಸ್ಕೆಟ್ಟಿನ ಅಂಚು ತಿಂದು ನೀರಿನ ದಾರಿಗೆ ನುಗ್ಗುತ್ತೆ. ಆಮೇಲೆ ಎಂಜಿನ್ ಕಾದು ಹೆಡ್ಡೂ ಸೊಟ್ಟ."

ಒಲೆಯ ಹತ್ತಿರದಿಂದಲೇ ಇಂತಾ ಕೂಗಿದ: "ಹಬೆಯಲ್ಲಿ ಅನ್ನ ಬೇಯಿಸೋ ಬುಟ್ಟಿಗೂ ಕೆಳಗಿನ ಮಡಕೆಗೂ ನಡುವೆ ಹಬೆ ಸೋರದ ಹಾಗೆ ಬಟ್ಟೆ ಸುತ್ತಲ್ವೇನಪ್ಪಾ? ಬುಟ್ಟಿನೇ ಕುಣೀತಿದ್ರೆ ಬಟ್ಟೆ ಬೈದು ಏನ್ ಬಂತು?"

"ನೀನು ಅನ್ನ ಸೀಯದ ಹಾಗೆ ನೋಡ್ಕೋ ಮಾರಾಯ!"

ನಗುತ್ತಲೇ ಹೆಡ್ಡನ್ನು ಮಗುಚಿದ ಚಂಪೆಂಗಳ ಕೈ ನಿಂತಿತು. ಅಂಚಿನಲ್ಲಿ ಮೂರು ಚುಕ್ಕಿ. ತಾನು ಸಮ ಮಾಡಿದ ಪ್ರತಿ ಹೆಡ್ಡಿಗೂ ಅವಳೇ ಒತ್ತುವ ಗುರುತು. ಎರಡನೇ ಗ್ಯಾಸ್ಕೆಟ್ ಹೋದಾಗ ಯಾವುದೋ ಗ್ಯಾರೇಜಿನವರು ಇದನ್ನು ಇಲ್ಲಿಗೇ ಕಳಿಸಿದ್ದಿರಬೇಕು. ಅವಳು ಹೆಡ್ಡಿನ ಮೈಮೇಲೆ ಉಗುರು ಎಳೆದಳು. ಸಣ್ಣ ಸಣ್ಣ ಗೆರೆಗಳಿಗೆ ಉಗುರು ಸಿಕ್ಕಿಕೊಂಡಿತು. ಹಳೆಯ ಕಾಲದ ಮೆತ್ತನೆಯ ಗ್ಯಾಸ್ಕೆಟ್ ಇಂಥ ಗೆರೆಗಳನ್ನು ನುಂಗಿಕೊಳ್ಳುತ್ತಿತ್ತು. ಈಗಿನ ತೆಳು ಉಕ್ಕಿನ ಪದರದ್ದು ನುಂಗುವುದಿಲ್ಲ. ಅದಕ್ಕೆ ಗಾಜಿನಂಥ ನುಣುಪು ಬೇಕು. ಅವಳು ಮಾತ್ರ ಇಪ್ಪತ್ತು ವರ್ಷದಿಂದ ಹೆಡ್ಡು ಹೆರೆಯುವ ಮೆಷಿನ್ನಿನ ವೇಗ ಬದಲಿಸಿರಲಿಲ್ಲ.

ಟೊಂಗ್ ಫೋನು ನೋಡುತ್ತಿದ್ದ. ಏರಿಸಿದ ಗಾಳಿ, ಸೋತ ಬೋಲ್ಟು, ಅವುಗಳ ಮೇಲೇ ತಪ್ಪು ಹೊರಿಸಿ ಸುಮ್ಮನಾಗಬಹುದಿತ್ತು. ಅವಳು ಹೆಡ್ಡನ್ನು ಬೆಳಕಿಗೆ ತಿರುಗಿಸಿದಳು.

"ಟೊಂಗ್, ಬಾ ಇಲ್ಲಿ. ಇದರ ಮೇಲೆ ಉಗುರು ಎಳಿ."

"ಏನೋ ತರಿತರಿಯಾಗಿದೆ."

"ಅದು ನನ್ನ ಕೆಲಸ ಕಣೋ. ನಿನ್ನ ಗ್ಯಾಸ್ಕೆಟ್ ಕೊಂದೋರಲ್ಲಿ ನಾನೂ ಒಬ್ಳು."

ಟೊಂಗ್ ಫೋನು ಜೇಬಿಗಿಟ್ಟ. ಆಮೇಲೆ ನಕ್ಕುಬಿಟ್ಟ. "ಮೂರು ಗ್ಯಾರೇಜಿನವರೂ ಇನ್ನೊಬ್ಬರನ್ನ ಬೈದ್ರು ದೊಡ್ಡಮ್ಮಾ. ತಮ್ಮನ್ನೇ ಬೈಕೊಂಡೋರು ನೀವೊಬ್ರೇ. ಇನ್ನು ಹೆಡ್ಡು ಬೇರೆ ಕಡೆ ಒಯ್ಯಲ್ಲ."

ಎರಡು ದಿನ ಅವಳು ಬೇರೆ ಕೆಲಸ ಮುಟ್ಟಲಿಲ್ಲ. ಮೆಷಿನ್ನಿಗೆ ಹೊಸ ಕಟರ್ ಅಲಗು ಹಾಕಿ, ವೇಗ ತಿದ್ದಿ, ಮೊದಲು ಗುಜರಿಯ ಹೆಡ್ಡುಗಳ ಮೇಲೆ ಕೈ ಪಳಗಿಸಿಕೊಂಡಳು. ಕೊನೆಗೆ ಟೊಂಗನದ್ದರ ಮೇಲೆ ಉಗುರು ಎಣ್ಣೆಯಂತೆ ಜಾರಿತು. ಸಮ ನೋಡುವ ಉಕ್ಕಿನ ಪಟ್ಟಿ ಇಟ್ಟರೆ ಅಡಿಯಲ್ಲಿ ಬೆಳಕಿನ ಎಳೆಯೂ ಕಾಣಲಿಲ್ಲ. ಹೊಸ ಬೋಲ್ಟು ಹಾಕಿಸು, ಗಾಳಿಯನ್ನು ಮೊದಲಿನ ಮಟ್ಟಕ್ಕೆ ಇಳಿಸು ಎಂದು ಎರಡೆರಡು ಸಲ ಹೇಳಿ ಕಳಿಸಿದಳು. ಆ ವಾರವೇ ಹಳೆಯ ಗಿರಾಕಿ ಗ್ಯಾರೇಜುಗಳಿಗೆಲ್ಲ ಫೋನು ಮಾಡಿ, ಉಕ್ಕಿನ ಗ್ಯಾಸ್ಕೆಟ್ಟಿನ ಹೆಡ್ಡುಗಳಲ್ಲಿ ತೊಂದರೆ ಕಂಡರೆ ವಾಪಸು ತನ್ನಿ ಎಂದಳು. ಎರಡು ಬಂದವು. ನಾಚಿಕೆಪಡದೆ ಮತ್ತೆ ಮಾಡಿಕೊಟ್ಟಳು.

ಏಪ್ರಿಲ್ ಹೊಸವರ್ಷದ ನೀರೆರಚಾಟದ ಹಬ್ಬದ ಹಿಂದಿನ ದಿನ ಟೊಂಗ್ ಕಾರಿನಲ್ಲೇ ಬಂದು ಬಾನೆಟ್ ಎತ್ತಿ ತೋರಿಸಿದ. ರೇಡಿಯೇಟರಿನ ನೀರು ಗೆರೆಯ ಮಟ್ಟಕ್ಕೇ ಇತ್ತು.

"ಲಾರಿ ಹಿಂದೆ ತೆವಳೋದು ಬೇಜಾರಾಗಲ್ವೇನೋ?" ಎಂದು ಕೆಣಕಿದಳು.

"ಮೊದ್ಲು ಆಗ್ತಿತ್ತು. ಈಗ ಘಟ್ಟದ ಮೂರನೇ ತಿರುವಲ್ಲಿ ಒಂದು ಕಾಫಿ ಅಂಗಡಿ ಕಂಡಿದೆ ದೊಡ್ಡಮ್ಮಾ. ಇಷ್ಟು ವರ್ಷ ಓಡಾಡಿದ್ರೂ ಕಂಡೇ ಇರಲಿಲ್ಲ!"

ಚಂಪೆಂಗ್ ನಕ್ಕು ಕೈ ಒರೆಸಿಕೊಂಡಳು. "ಹಾಗಾದ್ರೆ ಮುಂದಿನ ಸಲ ನಮ್ಮಿಬ್ಬರನ್ನೂ ಕರ್ಕೊಂಡು ಹೋಗು," ಎಂದಳು.